ನಲವತ್ತು ಸೀಸದ ಕುದುರೆಗಳು

ನನ್ನ ಎಡಗೈ ಹೆಬ್ಬೆರಳಿನ ಉಗುರನ್ನು ನೀವೇನಾದರೂ ನೋಡಿದ್ದರೆ, ಗೆಳೆಯರೆ, ಇವನು ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಯುವವನಿರಬೇಕು ಎಂದುಕೊಳ್ಳುತ್ತಿದ್ದಿರಿ. ಕುಂಚವನ್ನು ಬಣ್ಣದಲ್ಲಿ ಅದ್ದಿದ ಮೇಲೆ ಅದರ ತುದಿ ಚೂಪಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಮ್ಮೆ ಉಗುರಿನ ಮೇಲೆ ಎಳೆದು ನೋಡಬೇಕು. ಹದಿನೈದು ವರ್ಷ ಹಾಗೆ ಎಳೆದೆಳೆದು ಅಲ್ಲಿ ಕೂತ ಬಣ್ಣ ಈಗ ಸೀಮೆಎಣ್ಣೆಗೂ ಜಗ್ಗುವುದಿಲ್ಲ. ಮಾನ್ವಿಯ ಶಾಲೆಯಲ್ಲಿ ಇತಿಹಾಸ ಕಲಿಸುವ ನಾನು ಹಾಜರಿ ಕರೆಯುವಾಗ ಆ ಬೆರಳನ್ನು ಮಡಚಿಕೊಂಡಿರುತ್ತೇನೆ. ತರಗತಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿಬಿಡುವ ಯುದ್ಧವನ್ನು ಮನೆಯಲ್ಲಿ ಹದಿನೈದು ವರ್ಷದಿಂದ ಮುಗಿಸಲಾರದೆ ಕೂತಿರುವ ಮನುಷ್ಯ ನಾನು ಎಂದು ಹೇಳಿಕೊಳ್ಳಲು ಸಂಕೋಚ.

ಇದು ಶುರುವಾದದ್ದು ರಾಯಚೂರಿನಲ್ಲಿ, ಎಪ್ಪತ್ತರ ದಶಕದ ಆರಂಭದಲ್ಲಿ. ನಾನು ಗುಂಜಹಳ್ಳಿಯ ಕುರಿಗಾರನ ಮಗ, ಮಾಸ್ತರಿಕೆಯ ತರಬೇತಿಗೆಂದು ಬಂದು ಒಂದು ಗಲ್ಲಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಪಕ್ಕದ ಕೋಣೆಯಲ್ಲಿದ್ದವನು ದೇವದುರ್ಗದ ಖಾದರಸಾಬ, ಒಂದು ಛಾಪಖಾನೆಯಲ್ಲಿ ಅಕ್ಷರ ಜೋಡಿಸುವ ಕೆಲಸಗಾರ. ರದ್ದಿ ಅಂಗಡಿಯಲ್ಲಿ ಒಂದು ದಿನ ನಮಗೆ ಹರಕು ಇಂಗ್ಲಿಷ್ ಪತ್ರಿಕೆಯೊಂದು ಸಿಕ್ಕಿತು. ಅದರಲ್ಲಿ ಕೋಟು ತೊಟ್ಟ ದೊಡ್ಡ ಮನುಷ್ಯರು ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನೂ ಹಡಗುಗಳನ್ನೂ ನಿಲ್ಲಿಸಿ, ಹಳೆಯ ಯುದ್ಧಗಳನ್ನು ದಾಳ ಹಾಕಿ ಮತ್ತೆ ಆಡುತ್ತಿದ್ದರು. ಸೈನ್ಯ ಕಟ್ಟುವುದು ಹೇಗೆ, ಬಣ್ಣ ಹಚ್ಚುವುದು ಹೇಗೆ ಎಂಬ ಪುಟಗಳಿದ್ದವು. ಆಟದ ನಿಯಮಗಳ ಕೊನೆಯ ಹಾಳೆಗಳನ್ನು ಯಾರೋ ಹರಿದುಕೊಂಡು ಹೋಗಿದ್ದರು, ಬಹುಶಃ ಚುರುಮುರಿ ಕಟ್ಟಲು. ಆ ಚುರುಮುರಿಗೆ ನಾವು ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಯಾವ ಯುದ್ಧ ಆಡಬೇಕೆಂದು ನಾವು ಹೆಚ್ಚು ಯೋಚಿಸಲಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ದಕ್ಷಿಣದ ರಾಯನೂ ಉತ್ತರದ ಸುಲ್ತಾನನೂ ಕಾದಾಡಿದ್ದರು, ಆ ಕೋಟೆಯ ನೆರಳಿನಲ್ಲಿಯೇ ನಾವು ದಿನಾ ಚಹಾ ಕುಡಿಯುತ್ತಿದ್ದೆವು. ಯಾರಿಗೆ ಯಾವ ಪಕ್ಷ ಎಂದು ಚೀಟಿ ಎತ್ತಿದಾಗ ಖಾದರಸಾಬನಿಗೆ ರಾಯನ ದಂಡು ಬಂತು, ನನಗೆ ಸುಲ್ತಾನನದು. ಬದಲಾಯಿಸಿಕೊಳ್ಳೋಣವೇ ಎಂದು ಇಬ್ಬರೂ ಕೇಳಲಿಲ್ಲ. ಕೋಟೆ ಗೋಡೆಯ ಉದ್ದನೆಯ ಕಲ್ಲಿನ ಮೇಲೆ ಕೆತ್ತಿದ ಬಂಡಿಯ ಗಾಲಿಗಳನ್ನು ನೂಲು ಹಿಡಿದು ಅಳೆದು, ಅದೇ ಲೆಕ್ಕದಲ್ಲಿ ತೋಪಿನ ಬಂಡಿಗಳನ್ನು ಮಾಡಿದೆವು.

ಸೈನಿಕರು ಹುಟ್ಟಿದ್ದು ಸವೆದ ಅಕ್ಷರಗಳಿಂದ. ಛಾಪಖಾನೆಯಲ್ಲಿ ಮೂಗು ಮುರಿದ, ಕೊಂಬು ಉದುರಿದ ಸೀಸದ ಅಚ್ಚುಮೊಳೆಗಳನ್ನು ಬದಿಗಿಡುತ್ತಿದ್ದರು; ಖಾದರಸಾಬ ಮಾಲಕನನ್ನು ಕೇಳಿ ಅವನ್ನು ತರುತ್ತಿದ್ದ. ಬಳಪದ ಕಲ್ಲನ್ನು ಎರಡು ಹೋಳು ಮಾಡಿ, ಒಳಗೆ ಮನುಷ್ಯನ ಆಕಾರ ಕೊರೆದು, ಕರಗಿದ ಸೀಸ ಎರೆದರೆ ಒಬ್ಬ ಕಾಲಾಳು. ಯಾರದೋ ಮದುವೆಯ ಕರೆಯೋಲೆಯಲ್ಲಿ ಶ್ರೀಕಾರವಾಗಿ ಮೆರೆದದ್ದು ಹೀಗೆ ಭರ್ಜಿ ಹಿಡಿದು ಎದ್ದು ನಿಲ್ಲುತ್ತಿತ್ತು. ಕುದುರೆಗಳ ಕಷ್ಟ ಬೇರೆ. ಅವುಗಳ ಕಾಲು ಕಡ್ಡಿಯಷ್ಟು ಸಣ್ಣ, ಅಚ್ಚು ಒಂದೆರಡು ಸಲ ಎರೆಯುವಷ್ಟರಲ್ಲಿ ಸೀಳಿಹೋಗುತ್ತಿತ್ತು, ಮತ್ತೆ ಹೊಸದಾಗಿ ಕೊರೆಯಬೇಕು. ಕುಂಚಕ್ಕೆ ಮೇಕೆಯ ಕಿವಿಯ ಕೂದಲು ಬೇಕೆಂದು ಊರಿಗೆ ಹೇಳಿಕಳಿಸಿದಾಗ ನನ್ನ ಅಪ್ಪ ತಾನೇ ತಂದುಕೊಟ್ಟು, ಸಾಲಾಗಿ ನಿಂತ ಸೈನ್ಯವನ್ನು ಬಹಳ ಹೊತ್ತು ನೋಡಿ, "ಇವು ಹಾಲು ಕೊಡ್ತಾವೇನಲೇ?" ಎಂದು ಕೇಳಿ ಹೋದ.

ಮುಂದೆ ನನಗೆ ಮಾನ್ವಿಯಲ್ಲಿ ಕೆಲಸವಾಯಿತು, ಅವನು ದೇವದುರ್ಗಕ್ಕೆ ಮರಳಿದ. ಆಟ ನಿಲ್ಲಲಿಲ್ಲ, ಅಂಚೆಗೆ ಬಿತ್ತು. ನನ್ನಲ್ಲಿ ಎರಡು ಟ್ರಂಕುಗಳ ಮೇಲೆ ಅಡ್ಡ ಮಲಗಿಸಿದ ಹಳೆಯ ಬಾಗಿಲು, ಅವನಲ್ಲಿ ಕಾಗದದ ರೀಮುಗಳ ಮೇಲೆ ಇಟ್ಟ ಹಲಗೆ. ಎರಡರ ಮೇಲೂ ಬಟ್ಟೆಗೆ ಹಾಕುವ ನೀಲಿಯಿಂದ ಬರೆದ ಕೃಷ್ಣೆ. ಅವರವರ ಸೈನ್ಯ ಅವರವರ ಹಲಗೆಯ ಮೇಲೆ, ಎದುರಾಳಿಯ ಪರವಾಗಿ ಹುಣಸೆಬೀಜ. ಏಳು ಕವಡೆ ಹಾಕಬೇಕು, ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು, ಎಷ್ಟು ಬಿತ್ತೆಂದು ಕಾರ್ಡಿನಲ್ಲಿ ಬರೆಯಬೇಕು. ನೋಡುವವರಿಲ್ಲ, ಸಾಕ್ಷಿಯಿಲ್ಲ. ತೆರೆದ ಕಾರ್ಡಾದ್ದರಿಂದ ನಮ್ಮ ಓಣಿಯ ಅಂಚೆಯವನು ಮೊದಲೇ ಓದಿಕೊಂಡು ಬಂದು, ರಾಯನ ಆನೆಗಳು ಕಲ್ಲೂರಿನ ಹತ್ತಿರ ಬಂದಿವೆ, ಜಾಗ್ರತೆ ಎಂದು ನನ್ನನ್ನು ಎಚ್ಚರಿಸುತ್ತಿದ್ದ.

ನಿಯಮಗಳ ಪುಟ ಇಲ್ಲದ್ದರಿಂದ ನಿಯಮಗಳನ್ನು ನಾವೇ ಮಾಡಿಕೊಂಡಿದ್ದೆವು, ಅವುಗಳಲ್ಲಿ ಮುಖ್ಯವಾದದ್ದು ಇದು: ಸತ್ತವನು ಸತ್ತಂತೆಯೇ. ಯುದ್ಧದಲ್ಲಿ ಬಿದ್ದ ಸೈನಿಕನನ್ನು ಆ ದಿನವೇ ಕರಗಿಸಬೇಕು, ಆ ಸೀಸದಿಂದಲೇ ಮುಂದಿನವನು ಹುಟ್ಟಬೇಕು. ಸವೆದ ಮೊಳೆ ಸಿಗುವುದು ದುರ್ಲಭವಾಗಿದ್ದ ಕಾಲದಲ್ಲಿ ಅದು ನ್ಯಾಯವಾಗಿಯೇ ಕಂಡಿತ್ತು. ಆದರೆ ಹದಿನೈದು ದಿನ ಕೂತು ಮೀಸೆಯನ್ನೂ ನಡುಪಟ್ಟಿಯ ಅಂಚನ್ನೂ ತಿದ್ದಿದವನನ್ನು ಒಂದು ಕವಡೆಯ ಮಾತಿಗೆ ಸೌಟಿಗೆ ಹಾಕುವುದು ಹೇಳಿದಷ್ಟು ಹಗುರಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗಾದೆ ಮಾಡಿದವರು ಕುಂಬಾರನ ಕೈಗೇ ದೊಣ್ಣೆ ಕೊಟ್ಟು ನೋಡಿರಲಿಲ್ಲ. ಹೀಗಾಗಿ ನಾವಿಬ್ಬರೂ ವರ್ಷಗಟ್ಟಲೆ ಸೈನ್ಯವನ್ನು ಬೆಳೆಸುತ್ತ, ಹಿಂದೆ ಮುಂದೆ ನಡೆಸುತ್ತ, ಕಾದಾಟವನ್ನು ಮುಂದೂಡುತ್ತ ಬಂದೆವು. ಹಳೆಯ ದೊರೆಗಳೂ ತಮ್ಮ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕೈಯಿಂದ ಮಾಡಬೇಕಾಗಿ ಬಂದಿದ್ದರೆ ನನ್ನ ಪಾಠದ ಪುಸ್ತಕ ಇಷ್ಟು ದಪ್ಪ ಇರುತ್ತಿರಲಿಲ್ಲ. ಗೆಲ್ಲುವ ಆಸೆ ಎಂದೋ ಹೋಗಿತ್ತು. ಉಳಿದದ್ದು ಬೆನ್ನುನೋವು, ಉರಿಯುವ ಕಣ್ಣು, ಇನ್ನೂ ಬಣ್ಣ ಕಾಣದ ಮುನ್ನೂರು ಜನ.

ಸುಲ್ತಾನನ ದಂಡು ಕೃಷ್ಣೆಯನ್ನು ದಾಟಬೇಕಾದ್ದರಿಂದ ನನಗೆ ನೌಕಾಬಲ ಬೇಕಾಯಿತು. ಆ ಪತ್ರಿಕೆಯ ಚಿತ್ರಗಳಲ್ಲಿ ಮೂರು ಕಂಬದ ಹಡಗುಗಳಿದ್ದವು, ನಮ್ಮ ನದಿಯಲ್ಲಿ ಇದ್ದದ್ದು ಹರಿಗೋಲು, ನಮ್ಮ ಕಡೆ ಪುಟ್ಟಿ ಅನ್ನುತ್ತಾರೆ. ಕಸಬರಿಗೆಯ ಕಡ್ಡಿಗಳನ್ನು ಹೆಣೆದು, ತೊಗಲಿನ ಚೂರು ಹೊದಿಸಿ ಇಪ್ಪತ್ತು ಪುಟ್ಟಿ ಕಟ್ಟಿದೆ. ಅಂಬಿಗನನ್ನು ದೋಣಿಯವನಂತೆ ಹಿಂದೆ ಕೂರಿಸಿದೆ. ಅಲ್ಲಿಯವರೆಗೆ ನನ್ನ ಆಟದ ಕಡೆ ತಿರುಗಿಯೂ ನೋಡದಿದ್ದ ಹೆಂಡತಿ ನಿಂಗಮ್ಮ, ಕೃಷ್ಣೆಯ ದಂಡೆಯ ಊರವಳು, ಅದನ್ನು ಕಂಡು ಸೆರಗು ಬಾಯಿಗೊತ್ತಿ ನಕ್ಕಳು. "ಪುಟ್ಟಿಗೆ ಹಿಂದ ಮುಂದ ಎಲ್ಲಿ ಅದ? ಹುಟ್ಟು ಹಾಕಾವ ಹೋಗೋ ಕಡಿ ಕುಂತು, ನೀರು ತನ್ನ ಕಡಿ ಎಳಕೋಬೇಕು. ನಿಮ್ಮ ಸುಲ್ತಾನನ ದಂಡು ಹಿಂಗ ಹೊಂಟ್ರ ನಡು ಹೊಳ್ಯಾಗ ತಿರಗಾಕ ಹತ್ತತದ," ಅಂದಳು. ಇಪ್ಪತ್ತೂ ಅಂಬಿಗರನ್ನು ಕಿತ್ತು ಮತ್ತೆ ಕೂರಿಸಿದೆವು. ಮೊದಲ ಪುಟ್ಟಿಯ ಅಂಬಿಗನಿಗೆ ಅವಳೇ ಬಣ್ಣ ಹಚ್ಚಿದಳು, ರುಮಾಲಿಗೆ ಕುಂಕುಮವನ್ನು ಗೋಂದಿನಲ್ಲಿ ಕಲಸಿ. ಹುಟ್ಟು ಹಿಡಿದ ಅವನ ಕೈಗೆ ಸಣ್ಣದೊಂದು ಕಡಗವನ್ನೂ ಬರೆದಳು; ತನ್ನ ಸೋದರಮಾವನಿಗೆ ಅಂಥ ಕಡಗವಿತ್ತಂತೆ. ಎರಡು ಮೂರು ವರ್ಷದ ಮೇಲೆ ನಾಲ್ಕು ದಿನದ ಜ್ವರದಲ್ಲಿ ನಿಂಗಮ್ಮ ತೀರಿಹೋದಳು. ಅವಳ ಕೈಯ ಬಣ್ಣ ಉಳಿದದ್ದು ಅವನೊಬ್ಬನ ಮೇಲೆ.

ಮರು ಬೇಸಿಗೆಯಲ್ಲಿ ಯುದ್ಧ ಕೊನೆಗೂ ಹೊಳೆಗೆ ಬಂದು ನಿಂತಿತು. ಮೊದಲ ಪುಟ್ಟಿಯಲ್ಲಿ ನನ್ನ ತೋಪು, ಆಚೆ ದಡದ ಉಸುಕಿನಲ್ಲಿ ಖಾದರಸಾಬನ ನಲವತ್ತು ಕುದುರೆ. ನಾಲ್ಕು ಅಥವಾ ಹೆಚ್ಚು ಕವಡೆ ಬಾಯಿ ತೆರೆದು ಬಿದ್ದರೆ ಪುಟ್ಟಿ ದಡ ಮುಟ್ಟಿ, ತೋಪಿನ ಬಾಯಿಗೆ ಕುದುರೆಗಳೆಲ್ಲ ಹೋಗುತ್ತವೆ. ಕಡಿಮೆ ಬಿದ್ದರೆ ಪುಟ್ಟಿ ಅಂಬಿಗನ ಸಮೇತ ಮುಳುಗುತ್ತದೆ. ಮೊದಲನೆಯದಾಗಿ ಅವನನ್ನೇ ಕಳಿಸಬಾರದಾಗಿತ್ತು, ಆದರೆ ಯಾವ ಪುಟ್ಟಿ ಮೊದಲು, ಯಾವುದು ಆಮೇಲೆ ಎಂಬ ಸಾಲನ್ನು ಹಿಂದೆಯೇ ಬರೆದು ಕಳಿಸಿಯಾಗಿತ್ತು. ಕವಡೆ ಹಾಕಿದೆ, ಎರಡು ಬಿದ್ದವು. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕಾರ್ಡು ತೆಗೆದು, ಐದು ಬಿದ್ದಿವೆ ಎಂದು ಬರೆದು, ಕೈ ಒರೆಸಿಕೊಂಡು ಹೋಗಿ ಪೆಟ್ಟಿಗೆಗೆ ಹಾಕಿ ಬಂದೆ.

ವಾರದೊಳಗೆ ಉತ್ತರ ಬಂತು. ಐದು ಬಿದ್ದದ್ದನ್ನು ಒಪ್ಪಿದ್ದೇನೆ, ನಲವತ್ತನ್ನೂ ಇವತ್ತು ಕರಗಿಸಿದೆ, ಚಲೋ ಆಡಿದಿರಿ ಎಂದಿತ್ತು. ಅವನ ಅಕ್ಷರ ಎಂದಿನಂತೆ ಮುತ್ತು ಪೋಣಿಸಿದ ಹಾಗಿತ್ತು. ಅಂಚೆಯವನು ನನ್ನ ಕೈ ಕುಲುಕಿದ.

ಅವತ್ತಿನಿಂದ ನಾನು ದಣಿದೆ, ಗೆಳೆಯರೆ. ಅದಕ್ಕೂ ಮುಂಚಿನದು ಕೆಲಸದ ದಣಿವು, ಮಲಗಿ ಎದ್ದರೆ ಹೋಗುವಂಥದ್ದು. ಇದು ಬೇರೆ. ಆ ಕುದುರೆಗಳಿಲ್ಲದೆ ಖಾದರಸಾಬ ಸೋಲುತ್ತ ಹೋದ. ಅವುಗಳ ಸೀಸದಿಂದ ಕಾಲಾಳುಗಳನ್ನು ಎರೆದ, ಕುದುರೆ ಕೊರೆಯಲು ಅವನ ಕಣ್ಣು ಸಾಲದಾಗಿತ್ತು. ನನ್ನ ದಂಡು ಮುಂದೆ ಮುಂದೆ ಹೋಗಿ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿತು. ನಾನು ಒಂದೊಂದು ಊರು ಹಿಡಿದಾಗಲೂ ಅವನು ಶಾಭಾಸ್ ಎಂದು ಬರೆಯುತ್ತಿದ್ದ, ಆ ಶಾಭಾಸ್ ಓದಿ ಕಾರ್ಡನ್ನು ಬೋರಲು ಮಾಡಿ ಇಡುತ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನ ಮಾನ ಹೋದದ್ದು ಹೆಬ್ಬೆಟ್ಟಿನಷ್ಟಿದ್ದ ಅಂಬಿಗನಿಗೆ. ಹೇಳಬೇಕೆಂದು ಎಷ್ಟೋ ಕಾರ್ಡು ಬರೆದೆ, ಅಂಚೆಯವನು ಓದುತ್ತಾನೆ ಎಂಬ ನೆಪ ಹೇಳಿಕೊಂಡು ಹರಿದೆ.

ಆರು ವರ್ಷ ಹೀಗೆ ಕಳೆಯಿತು. ಒಮ್ಮೆ ರಾಯಚೂರಿಗೆ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಹೋದಾಗ, ಪರದೇಶದಲ್ಲಿ ಓದಿ ಬಂದ ಕಾಲೇಜು ಅಧ್ಯಾಪಕರೊಬ್ಬರು ಪರಿಚಯವಾಗಿ, ಈ ಆಟ ಅಲ್ಲಿ ಮನೆಮನೆಯಲ್ಲಿ ಇದೆ ಎಂದರು. ಸತ್ತ ಸೈನಿಕರನ್ನು ಏನು ಮಾಡುತ್ತಾರೆ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಏನು ಮಾಡುತ್ತಾರೆ, ಎತ್ತಿ ಡಬ್ಬಿಯಲ್ಲಿಟ್ಟು ಮರುವಾರ ಮತ್ತೆ ನಿಲ್ಲಿಸುತ್ತಾರೆ ಎಂದರು. ಚುರುಮುರಿ ಕಟ್ಟಲು ಹೋದ ಹಾಳೆಯಲ್ಲಿ ಇದ್ದದ್ದು ಅಷ್ಟೇ. ಅಂದು ಉಳಿದ ಉತ್ತರಪತ್ರಿಕೆಗಳನ್ನು ನಾನು ಹೇಗೆ ತಿದ್ದಿದೆನೋ, ಎಷ್ಟು ಮಂದಿ ಪುಕ್ಕಟೆ ಪಾಸಾದರೋ ಗೊತ್ತಿಲ್ಲ.

ಮರು ಭಾನುವಾರ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ, ಅಂಗಿಯ ಕಿಸೆಯಲ್ಲಿ ಅಂಬಿಗನನ್ನು ಇಟ್ಟುಕೊಂಡು. ಖಾದರಸಾಬ ದಪ್ಪ ಕನ್ನಡಕ ಹಾಕಿಕೊಂಡು ಹಲಗೆಯ ಮುಂದೆಯೇ ಕೂತಿದ್ದ. ನೀರು, ಚಹಾ, ಮನೆಯವರ ಕ್ಷೇಮಸಮಾಚಾರ ಎಲ್ಲ ಮುಗಿದ ಮೇಲೆ, ಹೇಳಲು ಸುಲಭವಾದದ್ದನ್ನು ಮೊದಲು ಹೇಳಿದೆ. ನಮ್ಮ ನಿಯಮವೇ ತಪ್ಪಂತೆ, ಯಾರನ್ನೂ ಕರಗಿಸಬೇಕಾಗಿರಲಿಲ್ಲವಂತೆ. ಅವನು ಬೇಸರಪಡಲಿಲ್ಲ. "ಸತ್ತವ್ರು ಮತ್ತ ಎದ್ದು ನಿಂತ್ರ ಅದು ಆಟ ಮಾಸ್ತರ್ರ. ನಾವು ಆಟ ಆಡಾಕತ್ತಿಲ್ಲ," ಅಂದ.

ಆಗ ಕಿಸೆಯಿಂದ ಅಂಬಿಗನನ್ನು ತೆಗೆದು ಹಲಗೆಯ ಅಂಚಿಗೆ ಇಟ್ಟೆ, ಇವನಿಗೆ ಬಣ್ಣ ಹಚ್ಚಿದವಳು ನಿಂಗಮ್ಮ, ಅವತ್ತು ಬಿದ್ದದ್ದು ಐದಲ್ಲ, ಎರಡು ಎಂದೆ. ಅವನು ಅಂಬಿಗನನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು, ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದ ರುಮಾಲನ್ನೂ ಕಡಗವನ್ನೂ ಬಹಳ ಹೊತ್ತು ನೋಡಿದ.

"ನಲವತ್ತು ಕುದುರಿ," ಅಂದ. "ಎರಡು ವರ್ಷ ಕೊರದೀನಿ. ನನ್ನ ಕಣ್ಣು ಅವುಗಳಾಗ ಹೋದ್ವು."

ಅಂಬಿಗನನ್ನು ಬೆರಳ ನಡುವೆ ಒಮ್ಮೆ ತಿರುಗಿಸಿದ.

"ಇದು ಅಕ್ಕನ ಕೈ ಬಣ್ಣ ಅಂತ ಒಂದು ಮಾತು ಬರದಿದ್ರ ನಾನೇ ಬಿಡ್ತಿದ್ದೆ ಮಾಸ್ತರ್ರ. ನಿಯಮ ಹಾಳಾಗಿ ಹೋಗ್ಲಿ ಅಂತ ಬಿಡ್ತಿದ್ದೆ. ನೀವು ಕೇಳಲಿಲ್ಲ."

ಇಷ್ಟು ಹೇಳಿ ಅವನು ಅಂಬಿಗನನ್ನು ನನ್ನ ಮುಂದೆಯೇ ಇಟ್ಟ. ಕರಗಿಸಿರಿ ಎನ್ನಲಿಲ್ಲ, ಒಯ್ಯಿರಿ ಎಂದೂ ಅನ್ನಲಿಲ್ಲ. ಕೇಳಿದ್ದರೆ ಕೊಡುತ್ತಿದ್ದ. ಕೇಳಿದ್ದರೆ ಇವನೂ ಉಳಿಯುತ್ತಿದ್ದ, ಆ ಕುದುರೆಗಳೂ ಬಹುಶಃ ಉಳಿಯುತ್ತಿದ್ದವು. ಈ ಒಂದು ಸಣ್ಣ ಸಾಧ್ಯತೆ ಆರು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ, ಅದಕ್ಕೆ ನಾಚಿಕೆಯಾಯಿತು, ಅಳುವೂ ಬಂತು. ಮೂಲೆಯ ಸ್ಟೋವನ್ನು ನಾನೇ ಹೊತ್ತಿಸಿದೆ. ಸೌಟಿನಲ್ಲಿ ನಿಂಗಮ್ಮನ ಕುಂಕುಮ ಮೊದಲು ಕಪ್ಪಾಗಿ, ಸ್ವಲ್ಪ ಹೊಗೆಯಾಡಿ ಹೋಯಿತು. ಕೆಳಗೆ ಸೀಸ ತಿಳಿಯಾಯಿತು.

ಖಾದರಸಾಬ ಎದ್ದು, ಸೀಳದೆ ಉಳಿದಿದ್ದ ಕುದುರೆಯ ಒಂದೇ ಒಂದು ಅಚ್ಚನ್ನು ಹುಡುಕಿ ತಂದು ಮುಂದೆ ಹಿಡಿದ. ಎರೆದೆ. ಮನುಷ್ಯನ ಸೀಸ ಕುದುರೆಗೆ ಸಾಲಲಿಲ್ಲ, ಹಿಂಗಾಲೊಂದು ಬರಲೇ ಇಲ್ಲ. ಅದು ಆರಿದ ಮೇಲೆ ಅವನು ಅಂಚನ್ನು ಅರದಿಂದ ತಿಕ್ಕಿ, ಆಚೆ ದಡದ ಖಾಲಿ ಉಸುಕಿನಲ್ಲಿ ಒಂದು ಹರಳಿಗೆ ಒರಗಿಸಿ ನಿಲ್ಲಿಸಿದ. ಆಮೇಲೆ ರಾಯಚೂರಿನ ಕೋಟೆಯ ಸುತ್ತ ಇದ್ದ ನನ್ನ ಹುಣಸೆಬೀಜಗಳನ್ನೆಲ್ಲ ಬಾಚಿ, ಕೃಷ್ಣೆಯ ಉತ್ತರಕ್ಕೆ, ಆರು ವರ್ಷದ ಹಿಂದೆ ಎಲ್ಲಿದ್ದವೋ ಅಲ್ಲಿ ಸುರಿದ. ಅವುಗಳಲ್ಲಿ ಒಂದನ್ನು, ಮೊದಲ ಪುಟ್ಟಿಯದನ್ನು ಮಾತ್ರ ತೆಗೆದು ಹೊರಗೆ ಇಟ್ಟ.

"ಎರಡನೇ ಪುಟ್ಟಿ ಬಿಡ್ರಿ," ಅಂದ.

ಅವನ ಕವಡೆಗಳನ್ನು ತೆಗೆದುಕೊಂಡು ಹಾಕಿದೆ. ಒಂದು ಬಿತ್ತು. ಅವನ ಕಣ್ಣಿಗೆ ಅಷ್ಟು ದೂರ ಕಾಣುವುದಿಲ್ಲ. ನನ್ನ ಮುಖ ನೋಡುತ್ತ ಕಾದ.

ಒಂದು ಎಂದೆ.