ಹೊಳಪು ಕಾಣದ ಹರಿವಾಣ

ನನ್ನ ಮಾವ ಶೀನಪ್ಪ ಆಚಾರ್ಯರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಜನ್ಮದಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹೇಳಿದರು, ಅದನ್ನೂ ಹಾಳು ಮಾಡಿದರು. ಆ ಹಾಳಾದ ಸುಳ್ಳಿನಿಂದ ಒಬ್ಬ ಹೆಂಗಸಿನ ಮಾನ ಉಳಿಯಿತು ಎಂಬುದು ಬೇರೆ ಮಾತು. ನಾನು ಈ ಮನೆಗೆ ಸೊಸೆಯಾಗಿ ಬರುವಾಗ ಕತೆಗೆ ಹದಿನೈದು ವರ್ಷ ಪ್ರಾಯ. ಅತ್ತೆ ಒಂದು ರೀತಿ ಹೇಳುತ್ತಿದ್ದರು, ಮಾವ ಇನ್ನೊಂದು ರೀತಿ. ಮಾನ ಉಳಿಸಿಕೊಂಡ ಆ ಅಪ್ಪಿಯ ಬಾಯಿಂದ ಕೇಳಿದ ಮೇಲೆಯೇ ನನಗೆ ಅದು ಪೂರ್ತಿಯಾಗಿ ಸಿಕ್ಕಿದ್ದು.

ಮಾವನ ಕಸುಬು ಪಾತ್ರೆಗಳಿಗೆ ಹೆಸರು ಕೊರೆಯುವುದು. ಕುದ್ರೋಳಿಯಲ್ಲಿ ರಸ್ತೆಗೆ ಮುಖ ಮಾಡಿದ ಮನೆಯ ಜಗಲಿಯೇ ಅಂಗಡಿ. ಒಂದು ಉಳಿ, ಒಂದು ಪುಟ್ಟ ಸುತ್ತಿಗೆ, ಕೂರಲು ಒಂದು ಮಣೆ. ಮದುವೆಯ ತಿಂಗಳುಗಳಲ್ಲಿ ಕೊಡಪಾನ, ಚೆಂಬು, ಹರಿವಾಣಗಳು ಜಗಲಿ ತುಂಬಿ ಅಂಗಳಕ್ಕೆ ಇಳಿಯುತ್ತಿದ್ದವಂತೆ. ಮದುಮಗಳ ಹೆಸರಾದರೆ ಮಾವ ಕೊನೆಯಲ್ಲಿ ಒಂದು ಮಲ್ಲಿಗೆ ಮೊಗ್ಗನ್ನೂ ಬಿಟ್ಟಿಯಾಗಿ ಕೊರೆಯುತ್ತಿದ್ದರು. ಮೊಗ್ಗು ಕಂಡರೆ ಸಾಕು, ಇದು ಯಾರ ಕೈ ಎಂದು ಊರಿಗೆ ತಿಳಿಯುತ್ತಿತ್ತು.

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಎಲ್ಲ ಕೆಟ್ಟಿತು. ಕೊಬ್ಬರಿಯ ದರ ಬಿತ್ತು, ಕರಿಮೆಣಸಿನ ದರ ಬಿತ್ತು, ಹಂಚಿನ ಕಾರ್ಖಾನೆಗಳಿಂದ ಜನ ಕೈ ಬೀಸಿಕೊಂಡು ಮನೆಗೆ ಬಂದರು. ಮದುವೆಗಳು ಮುಂದಕ್ಕೆ ಹೋದವು. ಆಗ ಮಾವನ ಕೆಲಸ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಹೆದರಿದವರು ಮನೆಯ ಹಳೆಯ ಪಾತ್ರೆಗಳನ್ನೆಲ್ಲ ಹೊತ್ತು ತಂದು, "ಕಳ್ಳರ ಕಾಟ ಆಚಾರ್ರೇ, ಹೆಸರು ಹಾಕಿ ಕೊಡಿ" ಎಂದರು. ಬಂದರಿನಲ್ಲಿ ಹಳೆ ಪಾತ್ರೆಗಳ ವ್ಯಾಪಾರ ಮಾಡುತ್ತಿದ್ದ ಜಮಾಲುದ್ದೀನ್ ಬ್ಯಾರಿಗಳು ಗೋಣಿ ತುಂಬ ಪಾತ್ರೆ ಕಳುಹಿಸಿ, "ಹೆಸರು ಉಜ್ಜಿ ತೆಗೆಯಿರಿ" ಎಂದರು. ಇನ್ನೊಬ್ಬರ ಹೆಸರಿದ್ದದ್ದನ್ನು ಯಾರೂ ಕೊಳ್ಳುವುದಿಲ್ಲವಲ್ಲ. ಬೆಳಿಗ್ಗೆ ಹಾಕುವುದು, ಮಧ್ಯಾಹ್ನ ಅಳಿಸುವುದು. "ಈ ಮನುಷ್ಯನ ಗಂಜಿ ಯಾವ ಕಾಲದಲ್ಲೂ ತಪ್ಪುವುದಿಲ್ಲ" ಎನ್ನುತ್ತಿದ್ದರು ಅತ್ತೆ. ಅದು ಹೊಗಳಿಕೆಯಾಗಿರಲಿಲ್ಲ.

ಹೆಡ್ ಪೋಲೀಸು ರುಡೊಲ್ಫ್ ದಿನಕ್ಕೊಮ್ಮೆ ಆ ಜಗಲಿಯಲ್ಲಿ ಕುಳಿತು ವೀಳ್ಯ ಹಾಕುತ್ತಿದ್ದರು. ಕ್ರಿಸ್ತುವರನ್ನು ನಮ್ಮಲ್ಲಿ ಪೊರ್ಬುಗಳು ಎನ್ನುತ್ತಾರೆ, ಹಾಗಾಗಿ ಅವರು ಎಲ್ಲರಿಗೂ ರುಡೊಲ್ಫ್ ಪೊರ್ಬುಗಳು. ಆ ವರ್ಷ ಅವರ ಬಾಯಲ್ಲಿ ಒಂದೇ ಮಾತು.

"ಹೋದ ವರ್ಷಕ್ಕಿಂತ ಎರಡು ಪಾಲು ದೂರು ಬಂದಿದೆ ಆಚಾರ್ರೇ. ಹೊಟ್ಟೆ ಖಾಲಿಯಾದರೆ ಕೈ ಉದ್ದ ಆಗ್ತದೆ."

"ಎಂತದು ಹೋದದ್ದು?"

"ಬಾಳೆಗೊನೆ, ಕೋಳಿ, ತೆಂಗಿನಕಾಯಿ. ಮತ್ತೆ ಪಾತ್ರೆ. ಪಾತ್ರೆಯೇ ಜಾಸ್ತಿ."

"ಬಾಳೆಗೊನೆ ಸರಿ ಪೊರ್ಬುಗಳೇ. ಹಸಿದವ ಹರಿವಾಣ ಕದ್ದು ಎಂತ ಮಾಡ್ತಾನೆ? ತಿನ್ಲಿಕ್ಕೆ ಆಗ್ತದಾ?"

ರುಡೊಲ್ಫ್ ನಕ್ಕು ಎದ್ದು ಹೋಗುತ್ತಿದ್ದರು. ಮಾವ ಅದನ್ನು ನಗೆಗೆ ಹೇಳಿದ್ದಲ್ಲ. ಗೋಣಿಯಿಂದ ಹೊರಬರುತ್ತಿದ್ದ ಹೆಸರುಗಳನ್ನು ಅವರು ಓದುತ್ತಿದ್ದರಲ್ಲ! ಎಲ್ಲ ದೊಡ್ಡ ದೊಡ್ಡ ಮನೆಯವರದ್ದೇ. ಮಾನಸ್ಥರು ಕತ್ತಲಾಗುವ ಹೊತ್ತಿಗೆ ಬಂದರಿಗೆ ಹೋಗಿ ಮಾರಿ, ಮರುದಿನ ಮನೆಯವರು ಕೇಳಿದಾಗ 'ಯಾರೋ ಕದ್ದರು' ಎನ್ನುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಕಷ್ಟಕಾಲದಲ್ಲಿ ಕಳ್ಳತನ ಹೆಚ್ಚುವುದು ನಿಜವೇ. ಆದರೆ ಪೋಲೀಸರ ಪುಸ್ತಕದಲ್ಲಿ ಹೆಚ್ಚಿದ್ದರಲ್ಲಿ ಅರ್ಧ ಹೀಗೆ ಹೆಚ್ಚಿದ್ದು ಎಂದು ಮಾವ ಸಾಯುವ ತನಕ ವಾದಿಸಿದರು. ನನಗೂ ಹಾಗೆಯೇ ಕಾಣುತ್ತದೆ.

ಇನ್ನು ಅಪ್ಪಿ. ಕುದ್ರೋಳಿಯ ಮೊಗವೀರರ ಹೆಂಗಸು, ಗಂಡ ಕಡಲಿನಲ್ಲಿ ತೀರಿಹೋಗಿದ್ದ. ಮಧ್ಯಾಹ್ನದ ಮೇಲೆ ಮೀನಿನ ಬುಟ್ಟಿ ಹೊರುತ್ತಿದ್ದಳು. ಕೊಳ್ಳುವವರು ಕಡಿಮೆಯಾದ ಮೇಲೆ ಬೆಳಿಗ್ಗೆ ಬಿಜೈಯ ಒಂದು ಬಂಟರ ಮನೆಯಲ್ಲಿ ಪಾತ್ರೆ ತೊಳೆಯಲು, ಗುಡಿಸಲು ಹೋಗತೊಡಗಿದಳು. ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳಲು ಅವಳಿಗೆ ನಮ್ಮ ಜಗಲಿಯ ನೆರಳೇ ಆಗಬೇಕು. ಮೀನು ತಿನ್ನದ ಆಚಾರ್ಯರ ಮನೆ ನಮ್ಮದು. ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡೇ ಅವಳಿಗೆ ಬೆಲ್ಲ, ನೀರು ಕೊಡುತ್ತಿದ್ದರು.

ಹೊಸ ಬೆಳೆಯ ಅಕ್ಕಿಯನ್ನು ಮೊದಲು ಉಣ್ಣುವ ಹಬ್ಬ, ಹೊಸಕ್ಕಿ ಊಟಕ್ಕೆ ನಾಲ್ಕು ದಿನ ಇರುವಾಗ ಅಪ್ಪಿ ಬುಟ್ಟಿ ಇಲ್ಲದೆ ಬಂದು ಜಗಲಿಯಲ್ಲಿ ಕುಸಿದು ಕುಳಿತಳು.

"ನನ್ನನ್ನು ಕಳ್ಳಿ ಅಂತ ಹೇಳ್ತಾರೆ ಆಚಾರ್ರೇ. ಅಮ್ಮನ ತವರಿನ ಹರಿವಾಣ ಪೆಟ್ಟಿಗೆಯಲ್ಲಿ ಇಲ್ಲವಂತೆ. ಆ ಕೋಣೆ ಗುಡಿಸುವುದು ನಾನು ಒಬ್ಬಳೇ. ಹೊಸಕ್ಕಿ ಊಟದ ದಿನಕ್ಕೆ ಮೊದಲು ತಂದಿಡದಿದ್ದರೆ ಪೋಲೀಸು ಬಂದು ಕರಕೊಂಡು ಹೋಗ್ತಾರಂತೆ. ಕೇರಿಯಲ್ಲಿ ನಾನು ಮುಖ ಎತ್ತಿ ನಡೆಯುವುದು ಹೇಗೆ?"

"ಅಮ್ಮನ ಹೆಸರು ಎಂತ?" ಎಂದರು ಮಾವ.

"ಜಲಜಾಕ್ಷಿ ಅಮ್ಮ."

ಮಾವ ಎದ್ದು ಒಳಗೆ ಹೋದರು. ಹಿಂದಿನ ದಿನ ಬಂದ ಗೋಣಿ ಮೂಲೆಯಲ್ಲಿತ್ತು. ಅದರ ತಳದಲ್ಲಿ ಒಂದು ಕಂಚಿನ ಹರಿವಾಣ. ಬಂದರಿನ ಉಪ್ಪುಗಾಳಿಗೆ ಕಪ್ಪಾಗಿ, ಅಂಚಿನಲ್ಲಿ ಹಸುರು ಹಿಡಿದಿತ್ತು. ಹೆಬ್ಬೆರಳಿನಿಂದ ಸವರಿದರೆ ಅವರೇ ಎಂಟು ವರ್ಷದ ಹಿಂದೆ ಕೊರೆದ ಚುಕ್ಕಿಗಳು ಸಿಕ್ಕಿದವು: ಜಲಜಾಕ್ಷಿ, ಪಕ್ಕದಲ್ಲಿ ಮಲ್ಲಿಗೆ ಮೊಗ್ಗು.

ಅಪ್ಪಿಗೆ ಏನೂ ಹೇಳದೆ ಅವರು ನೇರ ಬಂದರಿಗೆ ನಡೆದರು. ಜಮಾಲುದ್ದೀನರು ಮುಚ್ಚಿಡುವ ಜನ ಅಲ್ಲ.

"ಕದ್ದ ಮಾಲು ನಾನು ಮುಟ್ಟುವುದಿಲ್ಲ ಮಾರಾಯ್ರೇ. ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಆ ಮನೆಯ ತಾರಾನಾಥ ಧನಿಗಳೇ ಬಂದು ಕೊಟ್ಟದ್ದು. ಕೊಡೆ ಮುಖಕ್ಕೆ ಅಡ್ಡ ಹಿಡಿದಿದ್ದರು. ಕೊಬ್ಬರಿ ಮಂಡಿ ಮುಳುಗಿದೆ, ಪಾಪ."

ಈಗ ಮಾವನಿಗೆ ತಲೆಬಿಸಿ ಶುರುವಾಯಿತು. ಸೊತ್ತು ಹೆಣ್ಣಿನ ಕಡೆಯಿಂದ ಇಳಿದು ಬರುವ ಅಳಿಯಕಟ್ಟಿನ ಮನೆಗಳಲ್ಲಿ ಹೆಂಡತಿಯ ತವರಿನ ಸೊತ್ತು ಗಂಡನದ್ದಲ್ಲ. ಮುಟ್ಟಿದರೆ ಅವಳ ಅಣ್ಣನಿಗೆ ಉತ್ತರ ಕೊಡಬೇಕು. ಆ ಅಣ್ಣ ಚಿತ್ತರಂಜನ ಹೊಸಕ್ಕಿ ಊಟಕ್ಕೆ ಬರುವವರಿದ್ದರು, ಮುಂಗೋಪಿ ಎಂದು ಹೆಸರಾದವರು. ನಿಜ ಹೇಳಿದರೆ ಒಂದು ಸಂಸಾರ ಒಡೆಯುತ್ತದೆ. ಹೇಳದಿದ್ದರೆ ಅಪ್ಪಿ ಠಾಣೆಗೆ ಹೋಗುತ್ತಾಳೆ. ನಾನಾಗಿದ್ದರೆ ಬಿಜೈಯ ಗೇಟಿನಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಕೂಗುತ್ತಿದ್ದೆ. ಹೆಂಡತಿಯ ಹರಿವಾಣ ಮಾರಿ, ಕೂಲಿಯವಳ ಮೇಲೆ ಅಪವಾದ ಬಂದರೂ ಬಾಯಿ ಬಿಡದ ಗಂಡಸಿಗೆ ಎಂತಹ ಮರ್ಯಾದೆ? ಆದರೆ ಮಾವ ನನ್ನಂಥವರಲ್ಲ. ಜಮಾಲುದ್ದೀನರ ಮಗಳ ಮದುವೆ ಬಂದಾಗ ಅಷ್ಟೂ ಪಾತ್ರೆಗೆ ಬಿಟ್ಟಿಯಾಗಿ ಹೆಸರು ಹಾಕಿಕೊಡುತ್ತೇನೆ ಎಂದು ಮಾತು ಕೊಟ್ಟು ಹರಿವಾಣವನ್ನು ಬಿಡಿಸಿಕೊಂಡರು. ಆಮೇಲೆ ಮೂರು ದಿನ ಜಗಲಿಯಲ್ಲಿ ಕುಳಿತು ಒಂದು ಸುಳ್ಳನ್ನು ಬಾಯಿಪಾಠ ಮಾಡಿದರು.

ಹೊಸಕ್ಕಿ ಊಟದ ಬೆಳಿಗ್ಗೆ ಅವರು ಬಿಜೈಯ ಆ ಮನೆಯ ಅಂಗಳಕ್ಕೆ ಹೋದಾಗ ರುಡೊಲ್ಫ್ ಆಗಲೇ ಬಂದು ಜಗಲಿಯಲ್ಲಿ ಕುಳಿತಿದ್ದರು. ಕಂಬದ ಬದಿಯಲ್ಲಿ ಅಪ್ಪಿ, ಬಾಗಿಲಲ್ಲಿ ಜಲಜಾಕ್ಷಿ ಅಮ್ಮ. ತಾರಾನಾಥರು ಪಂಚಾಂಗ ಓದುತ್ತಿದ್ದರು, ತಲೆಕೆಳಗಾಗಿ ಹಿಡಿದಿದ್ದರು ಎಂದು ಅಪ್ಪಿಯ ಆರೋಪ. ಓದು ಬಾರದ ಅವಳಿಗೆ ಅದು ಹೇಗೆ ತಿಳಿಯಿತೋ, ನಾನು ಕೇಳಲಿಲ್ಲ.

ಮಾವ ಕಂಕುಳಿನಿಂದ ಬಟ್ಟೆಯ ಗಂಟು ತೆಗೆದು ಒಂದೇ ಉಸಿರಿನಲ್ಲಿ ಒಪ್ಪಿಸಿದರು.

"ತಪ್ಪಾಯ್ತು ಅಮ್ಮಾ. ಹಬ್ಬಕ್ಕೆ ಹೊಳಪು ಹಾಕಿ ಕೊಡಿ ಅಂತ ಧನಿಗಳು ಆಟಿ ತಿಂಗಳಲ್ಲೇ ನನ್ನ ಹತ್ತಿರ ಹರಿವಾಣ ಕೊಟ್ಟಿದ್ದರು. ನನಗೆ ಮರೆತುಹೋಯ್ತು. ಇಕೊಳ್ಳಿ, ಹೊಳಪು ಹಾಕಿ ತಂದಿದ್ದೇನೆ."

ಜಲಜಾಕ್ಷಿ ಅಮ್ಮ ಬಟ್ಟೆ ಬಿಚ್ಚಿದರು. ಒಳಗೆ ಕಪ್ಪು ಹರಿವಾಣ, ಅಂಚಿಗೆ ಹಸುರು, ನಡುವೆ ಗೋಣಿಯ ನಾರು.

ಮೂರು ದಿನ ಸುಳ್ಳನ್ನು ಉಜ್ಜಿದ ಮನುಷ್ಯ ಹರಿವಾಣವನ್ನು ಉಜ್ಜಲು ಮರೆತಿದ್ದರು!

"ಹೊಳಪು ಹಾಕಿದ್ದು ಇದಕ್ಕಾ?" ಎಂದರು ಜಲಜಾಕ್ಷಿ ಅಮ್ಮ.

ಮಾವನ ಬಾಯಿಪಾಠ ಅಲ್ಲಿಗೆ ಮುಗಿದಿತ್ತು. ರುಡೊಲ್ಫ್ ಮೆಲ್ಲಗೆ ಎದ್ದು ನಿಂತು, "ಆಚಾರ್ರೇ, ಇದು ನಿಮ್ಮ ಹತ್ತಿರ ಹೇಗೆ ಬಂತು? ಸರಿಯಾಗಿ ಹೇಳಿ. ಇಲ್ಲದಿದ್ದರೆ ನಿಮ್ಮನ್ನೂ ಕರಕೊಂಡು ಹೋಗಬೇಕಾಗ್ತದೆ" ಎಂದರು. ಮಾವ ನೆಲ ನೋಡಿದರೇ ಹೊರತು ತಾರಾನಾಥರ ಕಡೆಗೆ ಕಣ್ಣು ಹಾಯಿಸಲಿಲ್ಲ. ಈ ಮಾತನ್ನು ಅಪ್ಪಿ ಪ್ರತಿ ಸಲವೂ ಎರಡೆರಡು ಬಾರಿ ಹೇಳುತ್ತಿದ್ದಳು.

ತಾರಾನಾಥರು ಪಂಚಾಂಗ ಕೆಳಗಿಟ್ಟರು.

"ಅವರನ್ನು ಬಿಡಿ ಪೊರ್ಬುಗಳೇ. ಅಪ್ಪಿಯನ್ನೂ ಬಿಡಿ. ಹರಿವಾಣ ಮಾರಿದ್ದು ನಾನು. ಮಂಡಿಯಲ್ಲಿ ಎಂತದೂ ಉಳಿದಿಲ್ಲ. ಮೂರು ತಿಂಗಳಿಂದ ಈ ಮನೆಯಲ್ಲಿ ಅಕ್ಕಿ ಬೇಯುವುದು ಹೀಗೆಯೇ."

ಜಲಜಾಕ್ಷಿ ಅಮ್ಮ ಗಂಡನನ್ನು ನೋಡಿದರು, ಹರಿವಾಣವನ್ನು ನೋಡಿದರು. ಅಳುತ್ತಾರೆ ಎಂದುಕೊಂಡಳು ಅಪ್ಪಿ. ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ಅಪ್ಪಿಯ ಎದುರು ಬಂದು ನಿಂತರು.

"ನನ್ನದು ತಪ್ಪಾಯ್ತು ಅಪ್ಪಿ. ನಿನ್ನ ಮೇಲೆ ಹೇಳಬಾರದಿತ್ತು. ಇಲ್ಲಿ ಇದ್ದವರ ಎದುರೇ ಹೇಳ್ತೇನೆ, ತಪ್ಪಾಯ್ತು."

ಅಪ್ಪಿ ಏನಾದರೂ ಹೇಳುವ ಮೊದಲೇ ಅವರು ಹರಿವಾಣ ಎತ್ತಿಕೊಂಡು ಬಾವಿಕಟ್ಟೆಗೆ ನಡೆದರು. ಅಣ್ಣ ಬರಲು ಇನ್ನು ಒಂದು ಗಂಟೆ. ಹುಣಸೆಹುಳಿ, ಬೂದಿ, ತೆಂಗಿನನಾರು ಹಿಡಿದು ಆ ಮನೆಯ ಯಜಮಾನಿ ಕುಕ್ಕರುಗಾಲಿನಲ್ಲಿ ಕುಳಿತು ಉಜ್ಜತೊಡಗಿದರು. ಅಪ್ಪಿ ಕೈಹಾಕಲು ಹೋದರೆ ಬಿಡಲಿಲ್ಲ. ಕೊನೆಗೆ ಅವಳು ಸೊಂಟಕ್ಕೆ ಕೈಕೊಟ್ಟು ನಿಂತು, "ಆ ಅಂಚು ಇನ್ನೂ ಹೋಗಲಿಲ್ಲ ಅಮ್ಮಾ. ಹುಳಿ ಸಾಲದು" ಎನ್ನುತ್ತ ಹೇಳಿಕೊಡತೊಡಗಿದಳು. ತಾರಾನಾಥರು ಬಾವಿಯಿಂದ ನೀರು ಸೇದಿ ಸುರಿದರು. ಜೀವನದಲ್ಲಿ ಅಷ್ಟು ಚಂದದ ಬೆಳಿಗ್ಗೆ ತಾನು ಕಂಡಿಲ್ಲ ಎಂದು ಅಪ್ಪಿ ಹೇಳುತ್ತಿದ್ದಳು.

ಹರಿವಾಣ ಬಿಸಿಲಿನಲ್ಲಿ ಒಣಗುತ್ತಿರುವಾಗಲೇ ಚಿತ್ತರಂಜನರು ಬಂದರು. ಕಾಲು ತೊಳೆಯಲು ನೇರ ಬಾವಿಕಟ್ಟೆಗೆ ಬಂದವರು ನಿಂತು ನೋಡಿದರು.

"ಓಹೋ! ಮದುವೆಯ ದಿನವೂ ಇದು ಇಷ್ಟು ಹೊಳೆದಿರಲಿಲ್ಲ. ಯಾರ ಕೈಯ ಹೊಳಪು ಇದು?"

ತಾರಾನಾಥರ ಕೈಯ ಹಗ್ಗ ನಿಂತಿತು. ಅಪ್ಪಿ ಒಂದು ಮಾತು ಆಡಿದರೆ ಆ ಮನೆಯ ಕತೆ ಮುಗಿಯುತ್ತಿತ್ತು. ನಾಲ್ಕು ದಿನ ಕಳ್ಳಿ ಎನಿಸಿಕೊಂಡವಳು, ಆಡಿದ್ದರೆ ತಪ್ಪೆನ್ನುವವರು ಯಾರು?

"ನಮ್ಮ ಶೀನಪ್ಪ ಆಚಾರ್ರದ್ದು ಧನಿ," ಎಂದಳು ಅಪ್ಪಿ. "ಹಬ್ಬಕ್ಕೆ ಅಂತ ಅಮ್ಮ ಕೊಟ್ಟಿದ್ದರು. ನೋಡಿ, ಅಲ್ಲಿ ನಿಂತಿದ್ದಾರೆ, ಈಗಷ್ಟೇ ತಂದದ್ದು."

"ಮತ್ತೆ ಈ ಪೋಲೀಸು ಎಂತಕ್ಕೆ?"

"ಪೊರ್ಬುಗಳಿಗೆ ಅಮ್ಮ ಊಟ ಹೇಳಿದ್ದಾರೆ. ಊರಲ್ಲಿ ಕಳ್ಳರ ಕಾಟ ಅಲ್ಲವಾ, ಅವರ ಹತ್ತಿರ ಚೆನ್ನಾಗಿರುವುದು ಒಳ್ಳೆಯದು."

ಮಾವ ಹಾಳು ಮಾಡಿದ ಸುಳ್ಳನ್ನು ಅಪ್ಪಿ ಎರಡೇ ಮಾತಿನಲ್ಲಿ ರಿಪೇರಿ ಮಾಡಿದ್ದಳು. ರುಡೊಲ್ಫ್ ಟೊಪ್ಪಿ ತೆಗೆದು ಊಟಕ್ಕೆ ಕುಳಿತರು. ಮರುದಿನ ಪುಸ್ತಕದಲ್ಲಿ ಆ ದೂರಿಗೆ ಅಡ್ಡಗೆರೆ ಹೊಡೆದು, "ನಿಮ್ಮಿಂದಾಗಿ ಒಂದು ಕಳ್ಳತನ ಕಡಿಮೆಯಾಯ್ತು ಆಚಾರ್ರೇ" ಎಂದು ಜಗಲಿಗೆ ಬಂದು ಹೇಳಿದರು.

ಆದರೆ ಸುಳ್ಳು ಮಾವನನ್ನು ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರ ಚಿತ್ತರಂಜನರು ಒಂದು ಗಾಡಿ ತುಂಬ ಪಾತ್ರೆಗಳನ್ನು ಹೊಳಪಿಗೆ ಕಳುಹಿಸಿದರು. ಉಳಿ ಹಿಡಿಯಲು ಮಾತ್ರ ಗೊತ್ತಿದ್ದ ಮಾವ ತಲೆಯ ಮೇಲೆ ಕೈಹೊತ್ತು ಕುಳಿತಾಗ ಅಪ್ಪಿ ಬುಟ್ಟಿ ಇಳಿಸಿ, ಹುಣಸೆಹುಳಿ ಕೇಳಿದಳು. ಅಂದಿನಿಂದ ನಮ್ಮ ಅಂಗಳದಲ್ಲಿ ಅವಳದ್ದೂ ಒಂದು ಅಂಗಡಿಯಾಯಿತು. ಜಲಜಾಕ್ಷಿ ಅಮ್ಮ ಮರಳಿ ಕೆಲಸಕ್ಕೆ ಕರೆದರೂ ಅವಳು ಹೋಗಲಿಲ್ಲ. ಪಾತ್ರೆ ಇದ್ದರೆ ಕಳುಹಿಸಿಕೊಡಿ ಎಂದಳು. ಅವರು ಕಳುಹಿಸಿದರು. ನಾನು ಸೊಸೆಯಾಗಿ ಬಂದಾಗಲೂ ಅಪ್ಪಿ ಅಲ್ಲೇ ಇದ್ದಳು, ಅತ್ತೆ ಆಗಲೂ ಮೂಗಿಗೆ ಸೆರಗು ಹಿಡಿದೇ ಬೆಲ್ಲ ಕೊಡುತ್ತಿದ್ದರು.

ಒಮ್ಮೆ ನಾನು ಅವಳನ್ನು ಕೇಳಿಯೇಬಿಟ್ಟೆ. "ಅಪ್ಪಿಯಕ್ಕ, ಅಷ್ಟು ಮಾಡಿದವರನ್ನು ಯಾಕೆ ಬಿಟ್ಟಿರಿ? ಅಣ್ಣನ ಹತ್ತಿರ ಹೇಳಿಬಿಡಬಾರದಿತ್ತಾ?"

ಅವಳು ಕೈಯಲ್ಲಿದ್ದ ಚೆಂಬನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಕಳ್ಳಿ ಅಂತ ನಾಲ್ಕು ದಿನ ಹೇಳಿಸಿಕೊಂಡವಳು ನಾನು. ಅದು ಎಷ್ಟು ಭಾರ ಅಂತ ನನಗೆ ಗೊತ್ತುಂಟು ಮಗಾ. ಇಳಿಸಿದ ಕೂಡಲೇ ಇನ್ನೊಬ್ಬರ ತಲೆ ಮೇಲೆ ಇಡ್ಲಿಕ್ಕೆ ಮನಸ್ಸು ಬರಲಿಲ್ಲ." ಮತ್ತೆ ಚೆಂಬನ್ನು ಉಜ್ಜತೊಡಗಿ ನಕ್ಕಳು. "ಮತ್ತೆ, ಒಳಗೆ ಹೊಸಕ್ಕಿ ಪಾಯಸದ ಪರಿಮಳ ಬರ್ತಾ ಇತ್ತು. ಜಗಳ ಆದರೆ ಊಟ ಹೋಗ್ತಿತ್ತು."