ಬೆರಳಲ್ಲೇ ಬಿಚ್ಚುವ ನಟ್ಟು

ಬಂಗಾಳದ ರಾಜಧಾನಿಯಲ್ಲಿರುವ ಕಸ್ಬಾ ಬಡಾವಣೆಯ ಗಲ್ಲಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ನಿತಾಯ್‌ದಾ ಅವರ ವೆಲ್ಡಿಂಗ್ ಶೆಡ್ಡಿನಲ್ಲಿ ನಿಂತಿರುವ ಎತ್ತರದ ಟ್ರಕ್ಕೊಂದರ ಅಡಿಯಿಂದ ಕಾಲುಂಗುರ ತೊಟ್ಟ ಎರಡು ಪಾದಗಳು ಹೊರಗೆ ಚಾಚಿವೆ. ಅವು ಹುಬ್ಬಳ್ಳಿಯ ಅನಸೂಯಾ ಅವರದು. ವಾಹನಗಳ ವೈರಿಂಗ್ ಅವರ ಕಸುಬು. ಇವತ್ತು ವಿಶ್ವಕರ್ಮ ಪೂಜೆ. ಈ ಊರಿನ ಯಾವ ಶೆಡ್ಡಿನಲ್ಲೂ ಒಂದು ಸ್ಪ್ಯಾನರ್ ಕೂಡ ಅಲುಗಾಡುವುದಿಲ್ಲ. ಆದರೂ ಅವರು ಮಲಗಿ ಟಾರ್ಚ್ ಹಿಡಿದಿದ್ದಾರೆ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ.

ಗಾಡಿ ಸಮರ್ಥ್ ಅವರದು. ಇದೇ ಊರಿನ ನ್ಯೂ ಟೌನಿನಲ್ಲಿ ಕೆಲಸ ಮಾಡುವ ಈ ಬೆಂಗಳೂರಿನ ಹುಡುಗ ಮೂರು ಗುಜರಿ ವಾಹನಗಳ ಭಾಗಗಳನ್ನು ಕೂಡಿಸಿ, ಬೆಟ್ಟ ಹತ್ತುವ ಹುಚ್ಚಿಗೆ ಇದನ್ನು ಕಟ್ಟಿಸಿದ್ದು. ಅಷ್ಟರಲ್ಲಿ ನದೀಮುಖದ ಹಳ್ಳಿಯೊಂದರಲ್ಲಿ ಏರಿ ಒಡೆದು, ಉಪ್ಪು ನೀರು ನುಗ್ಗಿ ಕೊಳವೆಬಾವಿಗಳೆಲ್ಲ ಕೆಟ್ಟವು. ಮಾಮೂಲಿ ಲಾರಿ ಆ ಕೆಸರಿನಲ್ಲಿ ಹೂತುಹೋಗುತ್ತದೆ. ಇವತ್ತು ಕುಡಿಯುವ ನೀರು ತರುತ್ತೇನೆಂದು ಸಮರ್ಥ್ ಮಾತು ಕೊಟ್ಟಾಗಿದೆ. ನೀರಿನ ಕ್ಯಾನುಗಳೂ ಗಾಡಿ ಹತ್ತಿ ಕುಳಿತಿವೆ.

ಅನಸೂಯಾ ಅವರಿಗೂ ಇದು ಸಣ್ಣ ಸಂಗತಿಯಲ್ಲ. ಹುಬ್ಬಳ್ಳಿಯಲ್ಲಿ ಡೈನಮೋ ರಿಪೇರಿ ಮಾಡುತ್ತಿದ್ದ ಅಪ್ಪನಿಂದ ಕೆಲಸ ಕಲಿತವರು. ರೈಲ್ವೆ ನೌಕರ ಬದರಿನಾಥರ ಕೈಹಿಡಿದು, ಅವರ ವರ್ಗಾವಣೆಯ ಜೊತೆ ಇಲ್ಲಿಗೆ ಬಂದವರು. ಹೆಂಗಸು ಮುಟ್ಟಿದ ಗಾಡಿ ದಾರಿಯಲ್ಲಿ ಕೈಕೊಡುತ್ತದೆ ಎಂದು ಚಾಲಕರು ನಕ್ಕ ಕಾಲದಲ್ಲಿ, ಶೆಡ್ಡಿನ ಮೂಲೆಯೊಂದನ್ನು ಬಿಟ್ಟುಕೊಟ್ಟವರು ನಿತಾಯ್‌ದಾ ಒಬ್ಬರೇ. ಇಪ್ಪತ್ತು ವರ್ಷ ಬೇರೆಯವರು ಎಳೆದ ತಂತಿಗಳನ್ನು ರಿಪೇರಿ ಮಾಡಿಯೇ ಕಳೆಯಿತು. ಮೊದಲ ತಂತಿಯಿಂದ ಕೊನೆಯ ತಂತಿಯವರೆಗೆ ಅವರೇ ಎಳೆದ ಮೊದಲ ಗಾಡಿ ಇದು. ಇವತ್ತು ಇದು ನಿಂತರೆ ಹಳೆಯ ನಗು ಮತ್ತೆ ಕೇಳಿಸುತ್ತದೆ ಎಂಬ ಅಳುಕು ಅವರಿಗಿದೆ.

ಅವರ ಕೆಲಸದಲ್ಲೊಂದು ಪದ್ಧತಿ ಇದೆ. ಮುಖ್ಯವಾದ ಜೋಡಣೆಗಳಿಗೆಲ್ಲ ಎರಡು ಕಿವಿಯ ನಟ್ಟು ಹಾಕುತ್ತಾರೆ, ಸ್ಪ್ಯಾನರ್ ಬೇಡದೆ ಬೆರಳಲ್ಲೇ ಬಿಚ್ಚುವಂಥದ್ದು. ನೋಡಲು ಚೆಂದವಿಲ್ಲ ಎಂದು ಸಮರ್ಥ್ ಮೂಗು ಮುರಿದಿದ್ದುಂಟು.

“ಕೆಸರಾಗ ಸಿಕ್ಕೊಂಡಾಗ ಪಾನಾ ಎಲ್ಲಿ ಹುಡುಕ್ತೀರಿ? ಬೆರಳಂತೂ ಕೈಯಾಗ ಇರ್ತಾವಲ್ರಿ,” ಎನ್ನುತ್ತಾರೆ ಅವರು.

ಟಾರ್ಚಿನ ಬೆಳಕು ಈಗ ಒಂದು ಕಡೆ ನಿಂತಿದೆ. ಬ್ಯಾಟರಿಯ ಅರ್ಥಿಂಗ್ ತಂತಿ ಚಾಸಿಸ್ಸಿಗೆ ಕೂಡುವ ಜಾಗ. ಅಲ್ಲಿ ಕಬ್ಬಿಣ ಬರಿಮೈಯಲ್ಲಿರಬೇಕು, ಇಲ್ಲದಿದ್ದರೆ ಕರೆಂಟು ಹರಿಯುವುದಿಲ್ಲ. ಅನಸೂಯಾ ಉಜ್ಜಿ ಬೆಳ್ಳಗೆ ಮಾಡಿದ್ದ ಆ ಜಾಗ ಈಗ ಕಡುನೀಲಿಯಾಗಿ ಮಿರಿಮಿರಿ ಮಿಂಚುತ್ತಿದೆ.

ವಿಚಾರಿಸಿದರೆ ನಿತಾಯ್‌ದಾ ಮುಖ ಸಣ್ಣದಾಗುತ್ತದೆ. ಪೂಜೆಯ ದಿನ ದೇವರ ಎದುರು ಗಾಡಿ ಬೋಳಾಗಿ ಕಾಣಬಾರದೆಂದು ನಿನ್ನೆ ಸಂಜೆ ನಟ್ಟು ಬಿಚ್ಚಿ, ಬಣ್ಣ ಬಳಿದು, ಮತ್ತೆ ಬಿಗಿದದ್ದು ಅವರೇ. ಪ್ರೀತಿಯಿಂದ ಮಾಡಿದ ಕೆಲಸ, ಬೈಯುವುದಾದರೂ ಹೇಗೆ? ಉಪ್ಪುಕಾಗದ ಕೊಡಿ, ಉಜ್ಜಿಬಿಡೋಣ ಎಂದು ಸಮರ್ಥ್ ಮುಂದಾಗುತ್ತಾರೆ. ಆದರೆ ಶೆಡ್ಡಿನ ಸಾಮಾನುಗಳೆಲ್ಲ ಸಿಂಧೂರ ಹಚ್ಚಿಸಿಕೊಂಡು ವಿಗ್ರಹದ ಮುಂದೆ ಕುಳಿತಿವೆ, ಇವತ್ತು ಮುಟ್ಟುವಂತಿಲ್ಲ. ನಿತಾಯ್‌ದಾ ಜೀವಮಾನದಲ್ಲಿ ಮುರಿಯದ ನೇಮವನ್ನು ಮುರಿಯಲು ತಾವೇ ಆ ಕಡೆ ಹೆಜ್ಜೆ ಹಾಕುತ್ತಾರೆ.

ಅನಸೂಯಾ ಅಡ್ಡ ಬರುತ್ತಾರೆ. ಊರಲ್ಲಿ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಅಪ್ಪನೂ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಹೊರಡುವ ಗಾಡಿಯ ಮುಂದೆ ಒಡೆಯಲೆಂದು ಮನೆಯಿಂದ ತಂದಿದ್ದ ತೆಂಗಿನಕಾಯನ್ನು ಚೀಲದಿಂದ ತೆಗೆದು, ಕೈಮುಗಿದು, ಕಲ್ಲಿಗೆ ಹೊಡೆಯುತ್ತಾರೆ. ಕೊಬ್ಬರಿ ಬಿಡಿಸಿ ಎಲ್ಲರ ಕೈಗಿಟ್ಟು, ಚೂಪಾದ ಕರಟದ ಚೂರೊಂದನ್ನು ಹಿಡಿದು ಮತ್ತೆ ಗಾಡಿಯಡಿಗೆ ಸರಿಯುತ್ತಾರೆ.

“ಆಂಟಿ, ಅದರಲ್ಲಿ ಆಗುತ್ತಾ?” ಸಮರ್ಥ್ ಬಗ್ಗಿ ಕೇಳುತ್ತಾರೆ.

“ಬಣ್ಣ ಇನ್ನೂ ಹಸೀನ ಐತಿ. ಪರಟಿ ಏನ್ ಆಯುಧ ಅಲ್ಲಲ್ಲೋ ತಮ್ಮಾ.”

ನಟ್ಟು ಬೆರಳಿಗೇ ಬಿಚ್ಚಿಕೊಳ್ಳುತ್ತದೆ. ಕರಟದ ಅಂಚಿಗೆ ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಸೆರಗಿನಿಂದ ಒರೆಸಿ ಮತ್ತೆ ಬಿಗಿಯುತ್ತಾರೆ. ಸಮರ್ಥ್ ಕೀಲಿ ತಿರುವಿದ್ದೇ ತಡ, ಇಂಜಿನ್ ಗುಡುಗುತ್ತದೆ. ನಿತಾಯ್‌ದಾ ಕಣ್ಣೊರೆಸಿಕೊಂಡು, ಡೀಸೆಲ್ ಹೊಗೆಯನ್ನು ಬೈಯುತ್ತಾರೆ.

ಸಂಜೆ, ಕಸ್ಬಾದ ಮೇಲೆ ಹಬ್ಬದ ಗಾಳಿಪಟಗಳು ಇನ್ನೂ ಹಾರುತ್ತಿರುವಾಗ ಸಮರ್ಥ್ ಫೋನು ಬರುತ್ತದೆ. ಕೆಸರು ಬಾಗಿಲ ಮಟ್ಟಕ್ಕೆ ಬಂದಿತ್ತಂತೆ, ಗಾಡಿ ಒಮ್ಮೆಯೂ ನಿಂತಿಲ್ಲವಂತೆ. ಕರೆಂಟಿಲ್ಲದ ಆ ಹಳ್ಳಿಯ ಹೆಂಗಸರು ಈಗ ಅದರ ಹೆಡ್‌ಲೈಟಿನ ಬೆಳಕಿನಲ್ಲೇ ಕೊಡ ತುಂಬಿಸಿಕೊಳ್ಳುತ್ತಿದ್ದಾರಂತೆ. ಅನಸೂಯಾ ಎಲ್ಲವನ್ನೂ ಕೇಳಿಸಿಕೊಂಡು, ಕಾಯುತ್ತಿದ್ದ ನಿತಾಯ್‌ದಾ ಕಡೆ ತಿರುಗಿ ಬಂಗಾಳಿಯಲ್ಲಿ ಸುದ್ದಿ ಒಪ್ಪಿಸುತ್ತಾರೆ. ನೀಲಿ ಬಣ್ಣವನ್ನು ಊರಿನವರೆಲ್ಲ ಹೊಗಳಿದರಂತೆ ಎಂದು, ಸಮರ್ಥ್ ಹೇಳದ ಮಾತೊಂದನ್ನೂ ಸೇರಿಸುತ್ತಾರೆ.

ಮುಂದಿನ ಆಸೆ ಏನೆಂದು ಕೇಳಿದರೆ ಕೈಗಂಟಿದ ನೀಲಿಯನ್ನು ಉಜ್ಜುತ್ತಾ ನಗುತ್ತಾರೆ.

“ಆ ಗಾಡಿ ರಿಪೇರಿಗಂತ ನನ್ನ ಹತ್ರ ಮತ್ತ ಬರಬಾರದ್ರಿ. ಸುಮ್ಮನ ಮಾತಾಡ್ಸಾಕ ಬಂದ್ರ, ಚಾ ಕುಡಿಸಿ ಕಳಸ್ತೀನಿ.”