ಕಾರಿನ ಹಣೆಗೆ ವಿಭೂತಿ

"ಮೇಡಂ, ಚಾಸಿಸ್ ನಂಬರೇ ಕಾಣ್ತಿಲ್ವಲ್ಲ! ಅಳಿಸ್ಬಿಟ್ಟಿದೀರಾ?"

ಬಾನೆಟ್ಟಿನೊಳಗೆ ಬಗ್ಗಿದ್ದ ಇನ್‌ಸ್ಪೆಕ್ಟರ್ ತಲೆ ಎತ್ತದೆ ಕೇಳಿದಾಗ ನಾನೂ ಬಗ್ಗಿ ನೋಡಿದೆ. ಪುಣೆಯಿಂದ ಕೆಂಗೇರಿಗೆ ಮನೆ ಬದಲಿಸಿದ ಮೇಲೆ ಕಾರಿಗೆ ಕರ್ನಾಟಕದ ನಂಬರ್ ಮಾಡಿಸಲು ಆರ್‌ಟಿಓ ಕಚೇರಿಗೆ ಬಂದಿದ್ದೆ. ಹೊರರಾಜ್ಯದ ಗಾಡಿ, ಗುರುತಿನ ನಂಬರಿದ್ದ ಕಡೆ ಬರೀ ಬಿಳಿ ಪದರ. ಕದ್ದ ಮಾಲು ಅಂದುಕೊಂಡರೆ? ಕೈಯಲ್ಲಿದ್ದ ಕಾಗದಗಳು ಬೆವರಿಗೆ ಅಂಟಿಕೊಂಡವು.

ಆಗ ಹುಬ್ಬಳ್ಳಿ ಕಡೆಯ ನನ್ನ ಅತ್ತೆ ಹಿಂದಿನ ಸೀಟಿನಿಂದ ಇಳಿದು ಬಂದರು.

"ಅದು ವಿಭೂತಿ ರೀ ಸಾಹೇಬ್ರ. ಪ್ರತಿ ಆಯುಧಪೂಜಿಗೂ ನಾನ ಹಚ್ತೀನಿ. ಗಾಡಿಗೆ ಹಣಿ ಅಂದ್ರ ಅದ ಅಲ್ರೀ?"

ಇನ್‌ಸ್ಪೆಕ್ಟರ್ ನಗಲಿಲ್ಲ. ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಒಂದೊಂದೇ ಅಂಕಿಯನ್ನು ಕಾಗದದ ಜೊತೆ ತಾಳೆ ನೋಡಿದರು. "ಸರಿ ಇದೆ" ಎಂದವರು ವಿಭೂತಿ ಮೆತ್ತಿದ ಬೆರಳನ್ನು ನೋಡಿಕೊಂಡರು. ಪ್ಯಾಂಟಿಗೆ ಒರೆಸಲು ಹೋದ ಕೈ ಅರ್ಧದಲ್ಲೇ ನಿಂತು, ಮೆಲ್ಲಗೆ ಅವರ ಹಣೆಗೇ ಹೋಯಿತು.

ಹೊಸ ನಂಬರ್ ಬಂತು. ಈ ಸಲದ ಪೂಜೆಗೆ ಬಾನೆಟ್ ತೆಗೆಯಲೇಬಾರದು ಅಂದುಕೊಂಡಿದ್ದೆ. ತೆಗೆದೆ. "ತೆಳ್ಳಗೆ ಹಚ್ಚಿ ಅತ್ತೆ" ಅಂತ ಹೇಳಿ, ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತೆ.